ಅಕ್ಕ ಬರೆದ ‘ಹ್ಯಾಡ್’

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಕುಡಿದ ಒಂದು ಲೋಟ ನೀರನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ನಾವು ಶಹಾಬಾದಿನಲ್ಲಿದ್ದೆವು. ಅಪ್ಪ ಫರಸಿ ಕಲ್ಲಿನ ಖಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ನಾನು ಎಂಟನೆಯ ತರಗತಿ, ಅಕ್ಕ ಅದೇ ಶಾಲೆಯಲ್ಲಿ ಹತ್ತನೆಯದು. ಒಂದು ದೂರು ಬಂದರೂ ಅಕ್ಕನ ಶಾಲೆ ಬಿಡಿಸುವೆನೆಂದು ಅಪ್ಪ ಹೇಳಿದ್ದರು.

ಅಂದು ಶಾಲೆಯ ಪಡಸಾಲೆಯಲ್ಲಿದ್ದ ಮಣ್ಣಿನ ಹರವಿಗೆ ನೀರು ತುಂಬುವ ಪಾಳಿ ಅಕ್ಕನದು. ಬೆಳಿಗ್ಗೆ ತಿಕ್ಕಿ ತೊಳೆದು, ತುಂಬಿ, ಮೇಲೆ ತಟ್ಟೆ ಮುಚ್ಚಿದಳು. ಆಮೇಲೆ ಇಂಗ್ಲಿಷ್ ಸರ್ ನಮ್ಮ ತರಗತಿಗೆ, ಅಕ್ಕ ಆಗಲೇ ಕಲಿತಿದ್ದ ‘ಹ್ಯಾಡ್’ ಕಲಿಸಿದರು. ಎರಡು ಕೆಲಸ ನಡೆದಿದ್ದರೆ ಮೊದಲು ನಡೆದದ್ದಕ್ಕೆ ಅದನ್ನು ಹಚ್ಚಬೇಕಂತೆ. ಪಾಠದ ನಡುವೆ ಹೊರಗೆ ಹೋಗಿ ನೀರು ಕುಡಿದು ಬಂದರು.

ಊಟದ ಬಿಡುವಿನಲ್ಲಿ ನಾನು ಗಟಗಟ ಒಂದು ಲೋಟ ಕುಡಿದೆ. ನಾಲಿಗೆಗೆ ಏನೋ ಕೂದಲು ಅಂಟಿತು. ಮತ್ತೆ ಲೋಟ ಅದ್ದಿದಾಗ ಮೊದಲು ಬಂದದ್ದು ಬಾಲ, ಆಮೇಲೆ ತೊಯ್ದ ತುಪ್ಪಳ, ಹಳದಿ ಹಲ್ಲು. ಸತ್ತ ಇಲಿ! ತಿಂದ ರೊಟ್ಟಿ, ಪುಂಡಿಪಲ್ಯ ಎಲ್ಲ ಅಲ್ಲೇ ಕಾರಿಕೊಂಡೆ.

ಸರ್ ಮೂಗಿಗೆ ಕರವಸ್ತ್ರ ಹಿಡಿದು ಬಂದರು.

“ಯಾರು ತುಂಬಿದ್ದು ಇದು?”

“ನಾನೇರಿ ಸರ್. ಮುಚ್ಚಿ ಭಿ ಇಟ್ಟಿದ್ದೆ,” ಎಂದಳು ಅಕ್ಕ.

“ಸುಳ್ಳ ಹೇಳಬ್ಯಾಡ. ಮುಚ್ಚೋದು ಮರತೀನಿ ಅಂತ ಇಂಗ್ಲಿಷ್‌ನ್ಯಾಗ ಬರದು ಕೊಡು. ನಾಳೆ ನಿಮ್ಮಪ್ಪಗ ಕರ್ಕೊಂಡು ಬಾ.”

ಅಕ್ಕ ಹಾಳೆ, ಪೆನ್ನು ತಂದಳು. ನಾನು ಬಾಯಿ ಒರೆಸಿಕೊಳ್ಳುತ್ತ ಸುತ್ತ ನೋಡಿದೆ. ತಟ್ಟೆ ಕಿಟಕಿಯ ಮೇಲಿತ್ತು. ಅದರ ಮೇಲೆ ಸೀಮೆಸುಣ್ಣದ ಬೆರಳ ಗುರುತು, ಬೆಳ್ಳಗೆ, ನಾಲ್ಕು.

“ಅಕ್ಕಾ, ತಾಟು ಅಲ್ಲಿ ನೋಡ,” ಎಂದೆ.

ಅಕ್ಕ ಆ ಗುರುತು ನೋಡಿದಳು, ಸರ್ ಕೈ ನೋಡಿದಳು. ಆಮೇಲೆ ಒಂದೇ ಸಾಲು ಬರೆದಳು: ‘ಐ ಹ್ಯಾಡ್ ಕವರ್ಡ್ ದ ಪಾಟ್ ಬಿಫೋರ್ ಸರ್ ಓಪನ್ಡ್ ಇಟ್.’

ಸರ್ ಓದಿದರು. ಕಿಟಕಿಯತ್ತ ನೋಡಿದರು. ಚೀಟಿ ಹರಿದು ಜೇಬಿಗೆ ತುರುಕಿಕೊಂಡು, “ನಿಮ್ಮಪ್ಪಗ ಕರ್ಕೊಂಡ್ ಬರೋದು ಬ್ಯಾಡ. ಇದನ್ನ ತೊಳೀರಿ,” ಎಂದು ಹೋಗಿಬಿಟ್ಟರು.

ಅಕ್ಕ ಶಾಲೆ ಬಿಡಲಿಲ್ಲ. ಆದರೆ ಆ ಇಲಿಯನ್ನು ಬಾಲ ಹಿಡಿದು ಎಸೆದವಳೂ, ನನ್ನ ವಾಂತಿ ಬಳಿದವಳೂ ಅವಳೇ. ನನಗೆ ಇಲಿಗಿಂತ ಆ ಸರ್ ಮೇಲೇ ಹೆಚ್ಚು ಹೇಸಿಗೆಯಾಯಿತು.

ನಿಮ್ಮ ಶಾಲೆಯಲ್ಲಿ ಟೀಚರ್ ತಪ್ಪು ಮಾಡಿದರೆ ಮಕ್ಕಳೆದುರೇ ‘ಸಾರಿ’ ಅನ್ನುತ್ತಾರೆ ಎಂದು ಮೊನ್ನೆ ನೀವು ಹೇಳಿದಿರಿ. ನಾನು ನಂಬಲಾರದೆ ‘ನಿಜವೇ?’ ಎಂದು ಎರಡು ಸಲ ಕೇಳಿದೆ.