ಚಕ್ರಕ್ಕೆ ಒತ್ತಿದ ಬೆರಳು

ಬೆಳಿಗ್ಗೆ ಮಗಳು ಫೋನಿನ ಯಾವುದೋ ಆ್ಯಪಿನಲ್ಲಿ ತನ್ನ ದನಿಯನ್ನು ಕೀರಲು ಮಾಡಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಸೇಲಂನ ನಮ್ಮ ಮನೆಯಲ್ಲಿ ಅಜ್ಜಿ ಒಮ್ಮೆ ಮಗ್ಗ ನಿಲ್ಲಿಸಿ, ಟೇಪ್ ರೆಕಾರ್ಡರಿನ ಮುಂದೆ ಕೂತು ಸೋಬಾನೆ ಹಾಡಿದ್ದರು. ರೆಕಾರ್ಡ್ ಆಗುತ್ತಿದ್ದಾಗ ಕೈ ಸುಮ್ಮನಿರದೆ ನಾನು ಕ್ಯಾಸೆಟ್ಟಿನ ಚಕ್ರಕ್ಕೆ ಬೆರಳೊತ್ತಿದೆ. ಆಗ ನಿಧಾನವಾಗಿ ಸುತ್ತಿದ ಟೇಪು, ಕೇಳುವಾಗ ತನ್ನ ವೇಗದಲ್ಲೇ ಓಡಿತು. ಅಜ್ಜಿಯ ದಪ್ಪ ದನಿ ಕೀರಲಾಗಿ ಬಂತು.

"ಇದ್ಯಾರ್‌ಲೇ, ಪಾಪು ಮಾದಿರಿ ಕೂಗ್ತೈತೆ? ಇನ್ ನಾ ಆಡಲ್ಲ, ಓಗು!" ಅಂದು ಎದ್ದರು. ಮತ್ತೆ ಹಾಡಲೇ ಇಲ್ಲ.

ಅವರ ದನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಬೆಳಗಿನಿಂದ ಕಂಪ್ಯೂಟರಿನಲ್ಲಿ ಶ್ರುತಿ ಇಳಿಸುತ್ತಿದ್ದೇನೆ, ಏರಿಸುತ್ತಿದ್ದೇನೆ. ಒಂದು ಸಾಲು ಅಜ್ಜಿಯದಾದರೆ ಮುಂದಿನದು ಯಾರೋ ಗಂಡಸಿನದು. ಬೆರಳನ್ನು ನಾನು ಒಂದೇ ಸಮ ಒತ್ತಿರಲಿಲ್ಲ.