ತಪ್ಪು ಹೆಸರಿಗೆ ಬಂದ ಉತ್ತರ

ಶಹನಾಜಬೇಗಂ ಕುಷ್ಟಗಿಯವಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮದುವೆಯಾಗಿ ಕೊಪ್ಪಳಕ್ಕೆ ಬಂದವಳು, 2014ರಲ್ಲಿ ಅಲ್ಲಿನ ಒಂದು ಖಾಸಗಿ ರಕ್ತಭಂಡಾರದಲ್ಲಿ ಕೆಲಸಕ್ಕೆ ಸೇರಿದಳು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಅದರ ಶಾಖೆಗಳಿದ್ದವು. ಯಾರ ರಕ್ತ ಯಾವ ಗುಂಪಿನದು, ಯಾವ ಚೀಲ ಎಲ್ಲಿದೆ ಎಂಬುದೆಲ್ಲ ಕೊಪ್ಪಳದ ಡೇಟಾಬೇಸಿನಲ್ಲಿತ್ತು. ಎಲ್ಲರೂ ಒಮ್ಮೆಲೇ ಕೇಳಿದರೆ ಅದಕ್ಕೆ ಉಸಿರುಗಟ್ಟುತ್ತಿತ್ತು. ಹಾಗಾಗಿ ನಡುವೆ ಒಂದು ಪ್ರಾಕ್ಸಿ ಸರ್ವರ್ ಇಟ್ಟಿದ್ದರು. ಶಾಖೆಗಳ ಪ್ರಶ್ನೆಗಳನ್ನು ಅದು ಎಲ್ಲರಿಗೂ ಸರದಿಯಲ್ಲಿ ಬಳಸುವ ಕೆಲವೇ ಸಂಪರ್ಕಗಳ ಮೂಲಕ ಡೇಟಾಬೇಸನ್ನು ಕೇಳಿ ಉತ್ತರ ತಂದುಕೊಡುತ್ತಿತ್ತು. ಅದನ್ನು ಕಟ್ಟಿದವನು ಕೆಲಸ ಬಿಟ್ಟು ಹೋಗಿದ್ದ. ಅದರ ಹೊಣೆ ಶಹನಾಜಳ ಮೇಲೆ ಬಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಗಂಗಾವತಿ ಶಾಖೆಯ ಕಲ್ಲೇಶ ಫೋನ್ ಮಾಡಿದ.

"ಅಕ್ಕಾರ, ಇಲ್ಲಿ ಪೇಶಂಟ್ ಪಂಪಮ್ಮನ ನಂಬರ್ ಹೊಡದ್ರ ಬ್ಯಾರೆ ಯಾರದೋ ಹೆಸರು ಬಂದೈತ್ರಿ. ಈಕಿದು ಒ ಗುಂಪು, ಪರದಿ ಮ್ಯಾಲ ಬಿ ಅಂತೈತಿ."

"ರಕ್ತ ಕೊಟ್ಟೀರೇನು?"

"ಇಲ್ರಿ. ಈಕಿ ಗುರ್ತಿನಾಕಿ ಅಂತ ಉಳೀತು. ಹೆಸರು ನೋಡದ ಗುಂಪಷ್ಟ ನೋಡಿದ್ರ ಕೊಟ್ಟಬಿಡ್ತಿದ್ದೆ."

ಚೀಲ ಕೊಡುವ ಮುನ್ನ ರೋಗಿಯ ರಕ್ತದೊಂದಿಗೆ ಬೆರೆಸಿ ನೋಡಬೇಕೆಂಬ ನಿಯಮವಿತ್ತು. ಆದರೆ ಅವಸರದಲ್ಲಿ ಪರದೆಯನ್ನೇ ನಂಬುವುದು ಶಾಖೆಗಳಲ್ಲಿ ರೂಢಿಯಾಗಿಬಿಟ್ಟಿತ್ತು. ಶಹನಾಜ ಅದೇ ನಂಬರನ್ನು ಮತ್ತೆ ಮತ್ತೆ ಹೊಡೆದಳು. ಪ್ರತಿಸಲವೂ ಸರಿಯಾದ ಉತ್ತರವೇ ಬಂತು.

ಪ್ರಾಕ್ಸಿಯನ್ನು ಸದ್ಯಕ್ಕೆ ನಿಲ್ಲಿಸೋಣವೆಂದು ಮುಖ್ಯಸ್ಥ ದೇವೇಂದ್ರಪ್ಪನವರಿಗೆ ಹೇಳಿದಳು. "ಅವ ನಂಬರ್ ತಪ್ಪು ಹೊಡದಿರಬೇಕು ಬಿಡು. ಬಂದ್ ಮಾಡಿದ್ರ ದವಾಖಾನಿಗಳಿಗೆ ಏನ್ ಹೇಳೂದು?" ಎಂದರು ಅವರು.

ಆ ವಾರವೆಲ್ಲ ಪ್ರಾಕ್ಸಿಯ ಕೋಡನ್ನು ಸಾಲುಸಾಲಾಗಿ ಓದಿದಳು. ಏನೂ ಸಿಗಲಿಲ್ಲ. ಊಟಕ್ಕೆ ಕೂತರೂ ಈ ಹೊತ್ತಿಗೆ ಎಲ್ಲೋ ಯಾರಿಗೋ ತಪ್ಪು ಚೀಲ ಏರಿಸುತ್ತಿದ್ದಾರೆ ಅನಿಸುತ್ತಿತ್ತು. ಆಮೇಲೆ ಕುಷ್ಟಗಿಯಿಂದಲೂ ಅಂಥದೇ ದೂರು ಬಂತು. ಅದೇ ಗಳಿಗೆಯಲ್ಲಿ ಯಲಬುರ್ಗಾದಲ್ಲಿ ಕರೆಂಟು ಹೋಗಿತ್ತೆಂದು ಗೊತ್ತಾದಾಗ ಸಂಪರ್ಕ ನಡುವೆ ಕಡಿದಾಗಲೇ ಹೀಗಾಗುತ್ತಿರಬೇಕೆಂದು ಅವಳಿಗೆ ಹೊಳೆಯಿತು. ಕಲ್ಲೇಶನಿಗೆ ಫೋನ್ ಹಚ್ಚಿದಳು.

"ದೊಡ್ಡ ಪಟ್ಟಿ ಒಂದು ಕೇಳ್ರಿ. ಅದು ಬರ್ತಿದ್ದಂಗ ನಡುವ ಕೇಬಲ್ ಕಿತ್ತಬಿಡ್ರಿ."

"ಕಿತ್ತೆ ಅಕ್ಕಾರ."

"ಮತ್ತೊಮ್ಮೆ."

ಹಾಗೆ ಕೀಳಿಸುತ್ತಲೇ ಇದ್ದಳು. ಕೊನೆಗೆ ಕೊಪ್ಪಳದಲ್ಲಿ ಅವಳು ಪರೀಕ್ಷೆಗೆಂದು ಕೇಳಿದ ಹೆಸರಿಗೆ ಕಲ್ಲೇಶ ಕೇಳಿದ್ದ ಪಟ್ಟಿ ಬಂದು ನಿಂತಿತು. ಕೇಳಿದವನ ಲೈನ್ ಅರ್ಧಕ್ಕೆ ಕಡಿದುಹೋದರೆ ಉಳಿದ ಉತ್ತರ ಡೇಟಾಬೇಸಿನ ಸಂಪರ್ಕದಲ್ಲೇ ಉಳಿಯುತ್ತಿತ್ತು. ಪ್ರಾಕ್ಸಿ ಆ ಸಂಪರ್ಕವನ್ನು ತೊಳೆಯದೆ ಮುಂದಿನವರಿಗೆ ಕೊಡುತ್ತಿತ್ತು. ಜೊತೆಗೆ ಹಿಂದಿನವರಿಗಿದ್ದ ಮಾಹಿತಿ ನೋಡುವ ಅಧಿಕಾರವನ್ನೂ ಕೊಡುತ್ತಿತ್ತು. ಬರೀ ಚೀಲಗಳ ಲೆಕ್ಕ ನೋಡುವ ಅಧಿಕಾರವಷ್ಟೇ ಇದ್ದ ಹೆಸರಿನಲ್ಲಿ ಒಳಹೊಕ್ಕು ನೋಡಿದರೆ, ದಾನಿಗಳ ಕಾಯಿಲೆಯ ವರದಿಗಳೆಲ್ಲ ಪಾಸ್‌ವರ್ಡ್ ಕೇಳದೆಯೇ ತೆರೆದುಕೊಂಡವು.

ದೇವೇಂದ್ರಪ್ಪ ಊರಲ್ಲಿರಲಿಲ್ಲ, ಫೋನೂ ಹತ್ತಲಿಲ್ಲ. ಅವಳು ಯಾರನ್ನೂ ಕೇಳದೆ ಪ್ರಾಕ್ಸಿಯನ್ನು ನಿಲ್ಲಿಸಿದಳು. ಏನೇ ಬೇಕಾದರೂ ಫೋನ್ ಮಾಡಿ ಕೇಳಬೇಕೆಂದು ಶಾಖೆಗಳಿಗೆ ತಿಳಿಸಿದಳು.

ಅದೇ ಸಂಜೆ ಯಲಬುರ್ಗಾದಲ್ಲಿ ರೂಪಾ ಎಂಬ ಬಾಣಂತಿಗೆ ರಕ್ತಸ್ರಾವ ನಿಲ್ಲದಾಯಿತು. ಅವಳದು ಬಿ ನೆಗೆಟಿವ್, ಸುಲಭಕ್ಕೆ ಸಿಗದ ಗುಂಪು. ಎಲ್ಲ ಶಾಖೆಯವರೂ ಫೋನ್ ಮಾಡುತ್ತಿದ್ದುದರಿಂದ ಕೊಪ್ಪಳದ ಲೈನ್ ಸಿಗಲಿಲ್ಲ. ಚೀಲ ಕುಷ್ಟಗಿಯಲ್ಲಿದೆಯೆಂದು ತಿಳಿದು ಅದು ತಲುಪುವ ಹೊತ್ತಿಗೆ ವೈದ್ಯರು ಅವಳ ಗರ್ಭಕೋಶವನ್ನೇ ತೆಗೆಯಬೇಕಾಯಿತು. ತಾಯಿ, ಮಗು ಬದುಕಿದರು.

ಮರುದಿನ ದೇವೇಂದ್ರಪ್ಪ ಬಂದವರೇ, "ಇದು ನಿನ್ನ ಕೈಯಿಂದ ಆಗಿದ್ದು. ಈಗಿಂದೀಗ ಚಾಲೂ ಮಾಡು" ಎಂದರು.

"ಸರಿ ಮಾಡೂತನಕ ಮಾಡೂದಿಲ್ರಿ ಸರ್. ತಪ್ಪು ರಕ್ತ ಹೋಗಿ ಯಾರರ ಸತ್ರ ಏನ್ ಮಾಡೂದ್ರಿ?"

ಮಾತು ಗಟ್ಟಿಯಾಗಿತ್ತು. ಆದರೆ ಒಳಗೆ ಅವಳು ಕುಸಿದಿದ್ದಳು. ನಡುವೆ ಕಡಿದ ಸಂಪರ್ಕವನ್ನು ಬಿಸಾಡಿ ಹೊಸದು ತೆರೆಯುವಂತೆ, ಪ್ರತಿಯೊಬ್ಬರನ್ನೂ ಹೊಸದಾಗಿ ಪಾಸ್‌ವರ್ಡ್ ಕೇಳುವಂತೆ ತಿದ್ದಿದಳು. ಕಲ್ಲೇಶ ಎಷ್ಟು ಸಲ ಕೇಬಲ್ ಕಿತ್ತರೂ ತಪ್ಪು ಉತ್ತರ ಬಾರದಾದ ಮೇಲೆಯೇ ಮತ್ತೆ ಚಾಲೂ ಮಾಡಿದಳು. ಮೊದಲು ಯಾರ ಉತ್ತರ ಯಾರಿಗೆ ಹೋಗಿತ್ತು ಎಂಬುದನ್ನು ಪ್ರಾಕ್ಸಿ ಎಲ್ಲೂ ಬರೆದಿಟ್ಟಿರಲಿಲ್ಲ. ಅದು ಕೊನೆಗೂ ಗೊತ್ತಾಗಲಿಲ್ಲ.

ಕೆಲಸ ಮುಗಿದ ಮೇಲೆ ಅವಳು ಯಲಬುರ್ಗಾದ ದವಾಖಾನೆಗೆ ಹೋದಳು. ರೂಪಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ತಾಯಿ ದುರುಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಶಹನಾಜ ನಡೆದದ್ದನ್ನೆಲ್ಲ ಹೇಳಿದಳು.

"ನಿಲ್ಲಿಸಿದಾಕಿ ನೀನ ಏನು?"

"ಹೌದ್ರಿ ಯವ್ವಾ."

"ಮತ್ತ ಈಗ್ಯಾಕ ಬಂದಿ?"

ದುರುಗವ್ವ ಕೂತ್ಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ನರ್ಸ್ ಇನ್ನೊಂದು ಚೀಲ ತಂದಳು.

"ಬೆರೆಸಿ ನೋಡ್ಯಾರೇನ್ರಿ?" ಶಹನಾಜ ಕೇಳಿದಳು.

"ಕಂಪ್ಯೂಟರ್‌ನಾಗ ಸರಿ ಐತಲ್ರಿ."

"ಅದು ಬ್ಯಾಡ್ರಿ. ಬೆರೆಸಿ ನೋಡಸ್ರಿ."

ನರ್ಸ್ ಅವಳ ಮುಖ ನೋಡಿ, ಗೊಣಗುತ್ತ ಚೀಲವನ್ನು ವಾಪಸ್ಸು ಒಯ್ದಳು. ಅದು ಪರೀಕ್ಷೆಯಾಗಿ ಬರುವವರೆಗೂ ಶಹನಾಜ ಮಂಚದ ಪಕ್ಕದಲ್ಲೇ ನಿಂತಿದ್ದಳು.