ನಡುಗುವ ಕೈಗೆ ತಕ್ಕ ಏರ್‌ಬ್ರಷ್

ಮನುಷ್ಯನು ತನ್ನ ಅನುಕೂಲಕ್ಕೆಂದು ಮಾಡಿಕೊಂಡ ಸಲಕರಣೆಗೆ ತಾನೇ ದಾಸನಾಗಿ, ಅದರ ಬೆಲೆಯಿಂದ ನೆರೆಯವನ ಯೋಗ್ಯತೆಯನ್ನು ಅಳೆಯತೊಡಗಿದರೆ, ನೋಡುವವನಿಗೆ ಹೇಸಿಗೆಯಾಗದೆ ಇನ್ನೇನಾದೀತು? ಆ ಹೇಸಿಗೆಯನ್ನು ನಾನು ಕಳೆದ ಚಳಿಗಾಲವಿಡೀ ಉಂಡೆ. ಅದನ್ನು ಬಡಿಸಿದವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಮೊಚಿಜುಕಿ ಯೊಶಿಹಿರೊ ಎಂಬ ಸಾಧು ಮನುಷ್ಯರ ವಿಚಾರವನ್ನು ಹೇಳುತ್ತೇನೆ.

ಮೊಚಿಜುಕಿಯವರಿಗೆ ಎಪ್ಪತ್ತೊಂದು ವರ್ಷ. ಆಬೆ ನದಿಯ ಮೇಲ್ದಂಡೆಯ ಒಂದು ಚಹಾ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಎಲೆಗೆ ಹಬೆ ಕೊಡುವ ಯಂತ್ರವನ್ನು ನಡೆಸಿದವರು. ಹಬೆಯ ವಾಸನೆಯಿಂದಲೇ ಎಲೆ ಬೆಂದಿತೋ ಇಲ್ಲವೋ ಎಂದು ಹೇಳುತ್ತಿದ್ದರು. ನಿವೃತ್ತಿಯ ಮೇಲೆ, ನಮ್ಮ ಶಿಜುವೊಕದಲ್ಲಿ ಅರ್ಧ ಊರು ಮಾಡುವುದನ್ನೇ ಅವರೂ ಮಾಡಿದರು: ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುವ ನಮ್ಮ ಸಂಘಕ್ಕೆ ಸೇರಿದರು. ಹನ್ನೊಂದು ಮಂದಿಯ ಸಂಘ. ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಬಡಾವಣೆಯ ಸಮುದಾಯ ಭವನದಲ್ಲಿ ಕೂಡಿ, ಕೈಯಗಲದ ವಿಮಾನ, ಮೊಳದುದ್ದದ ಹಡಗುಗಳಿಗೆ ರೂಪ ಕೊಡುತ್ತೇವೆ. ಮೇ ತಿಂಗಳಲ್ಲಿ ದೇಶದ ನಾನಾ ಕಡೆಯ ಸಂಘಗಳು ತಮ್ಮ ಕೆಲಸವನ್ನು ನಮ್ಮೂರಿನ ದೊಡ್ಡ ಪ್ರದರ್ಶನಕ್ಕೆ ಹೊತ್ತು ತರುತ್ತವೆ.

ಆ ಪ್ರದರ್ಶನಕ್ಕೆಂದು ಮೊಚಿಜುಕಿಯವರು ಹದಿನಾಲ್ಕು ತಿಂಗಳಿನಿಂದ ಒಂದು ಮೀನುಗಾರಿಕೆ ಹಡಗನ್ನು ಕಟ್ಟುತ್ತಿದ್ದರು. ಅವರ ಅಣ್ಣ ಕೋಜೋ, ಯಾಯಿಜು ಬಂದರಿನಿಂದ ಹೊರಟು ಗಾಳದ ಕೋಲಿನಿಂದ ಒಂದೊಂದಾಗಿ ಕತ್ಸುವೊ ಮೀನು ಎಳೆಯುತ್ತಿದ್ದ ಹಡಗು ಅದು. ಹಡಗು ಗುಜರಿಗೆ ಹೋಗಿ ಇಪ್ಪತ್ತು ವರ್ಷ. ಅಣ್ಣ ಮಣ್ಣಾಗಿ ಒಂಬತ್ತು. ಅಂಥ ಹಡಗಿನ ಮಾದರಿ ಯಾವ ಅಂಗಡಿಯ ಪೆಟ್ಟಿಗೆಯಲ್ಲಿಯೂ ಸಿಗುವುದಿಲ್ಲವಾದ್ದರಿಂದ, ಪ್ಲಾಸ್ಟಿಕ್ ಹಾಳೆಯನ್ನು ಕೊಯ್ದು, ಹಲಗೆ ಹಲಗೆಯಾಗಿ ಅಂಟಿಸಿ, ಕೂದಲೆಳೆಯಂಥ ಕಂಬಿಗಳಿಂದ ಕಟಕಟೆ ನಿಲ್ಲಿಸಿದ್ದರು. ಆ ಹಡಗಿನಲ್ಲಿ ದುಡಿದವರ ಪೈಕಿ ಮೂವರು ಇನ್ನೂ ಬದುಕಿದ್ದಾರೆ. ಮೂವರೂ ಎಂಬತ್ತು ದಾಟಿದವರು. ಮೇ ತಿಂಗಳಲ್ಲಿ ನೋಡಲು ಬರುತ್ತೇವೆಂದು ಮಾತು ಕೊಟ್ಟಿದ್ದರು. ಬಣ್ಣವೊಂದು ಬಾಕಿ ಇತ್ತು.

ಅಕ್ಟೋಬರಿನಲ್ಲಿ ಮೊಚಿಜುಕಿಯವರಿಗೆ ಸಣ್ಣದೊಂದು ಪಾರ್ಶ್ವವಾಯು ತಗುಲಿತು. ದೇವರ ದಯೆಯಿಂದ ಕಾಲು ಉಳಿಯಿತು, ಮಾತು ಉಳಿಯಿತು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಮಾತ್ರ ಗಾಳಿಗೆ ಸಿಕ್ಕ ಎಲೆಯಂತೆ ನಡುಗತೊಡಗಿದವು. ಇದು ಅವರ ಹೆಂಡತಿ ಹತ್ಸುಎಯವರಿಗೆ ಗೊತ್ತು. ಚರ್ಚಿನ ಪಾದ್ರಿಯಾದ ನನ್ನ ಬಳಿ ಮೊಚಿಜುಕಿಯವರೇ ಬಂದು ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡದ್ದರಿಂದ ನನಗೆ ಗೊತ್ತು.

"ಸಂಘದಲ್ಲಿ ಬಾಯಿ ಬಿಡ್ಬೇಡಿ, ಕತ್ಸುಮಾತ-ಸಾನ್," ಎಂದರು ಮೊಚಿಜುಕಿ. "ಅಯ್ಯೋ ಪಾಪ ಅಂತ ನೋಡ್ತಾರಲ್ಲ, ಆ ಕಣ್ಣು ನಂಗಾಗಲ್ಲ."

ಬಿಡುವುದಿಲ್ಲವೆಂದು ಮಾತು ಕೊಟ್ಟೆ.

ಬಣ್ಣವನ್ನು ಗಾಳಿಯೊತ್ತಡದಿಂದ ಮಂಜಿನಂತೆ ಎರಚುವ ಏರ್‌ಬ್ರಷ್ ಅವರಲ್ಲಿ ಹಳೆಯದೊಂದಿತ್ತು. ಅದರ ಗುಂಡಿಯನ್ನು ಒತ್ತುವುದಕ್ಕೆ ಈಗ ಬೆರಳು ಒಪ್ಪುತ್ತಿರಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ಅವರೊಡನೆ ನಾನೂ ಮಾದರಿಯ ಸಾಮಾನು ಮಾರುವ ಸುಗಿಯಾಮ ತೊಮೊಎಯವರ ಅಂಗಡಿಗೆ ಹೋದೆ. ಆ ತಾಯಿ ಗಿರಾಕಿಯ ಮುಖವನ್ನಲ್ಲ, ಕೈಯನ್ನು ನೋಡಿ ವ್ಯಾಪಾರ ಮಾಡುವವರು. ಒಂದು ಮಾತೂ ಕೇಳದೆ, ಬಟ್ಟಲಿಗೆ ಬರಿ ನೀರು ಹಾಕಿ, ಕಪ್ಪು ಕಾಗದ ಹಾಸಿ, ಎರಡು ಏರ್‌ಬ್ರಷ್ ಮುಂದಿಟ್ಟರು.

"ಇದು ಪೆನ್ನಿನ ಥರದ್ದು. ಗುಂಡಿ ಕೆಳಗೊತ್ತಿದ್ರೆ ಗಾಳಿ, ಹಿಂದಕ್ಕೆಳೆದ್ರೆ ಬಣ್ಣ. ಒಂದೇ ಬೆರಳಲ್ಲಿ ಎರಡು ಕೆಲಸ. ಇನ್ನೊಂದು ಪಿಸ್ತೂಲಿನ ಥರದ್ದು. ಮುಷ್ಟೀಲಿ ಹಿಡ್ಕೊಂಡು ಕುದುರೆ, ಅದೇ ಟ್ರಿಗರ್ರು, ಎಳೆದ್ರಾಯ್ತು, ಮೊದಲು ಗಾಳಿ, ಆಮೇಲೆ ಬಣ್ಣ, ತಾನೇ ಬರುತ್ತೆ. ಹಿಂದಿನ ತಿರುಪು ಬಿಗಿದ್ರೆ ಅಷ್ಟಕ್ಕೇ ನಿಲ್ಲುತ್ತೆ, ಕೈ ಜಾಸ್ತಿ ಎಳೆದ್ರೂ ಪರವಾಗಿಲ್ಲ. ಮೂತಿನೂ ಅಗಲ, ಅರ್ಧ ಮಿಲಿಮೀಟರು. ನಿಮ್ಮ ಹಡಗಿನ ಬಿಳಿ ಬಣ್ಣ ಮಂದ ನೋಡಿ, ಸಣ್ಣ ಮೂತೀಲಿ ಕಟ್ಕೊಳ್ಳುತ್ತೆ."

ಪೆನ್ನಿನಂಥದ್ದು ಕಾಗದದ ಮೇಲೆ ಕಂಬಳಿಹುಳು ಹರಿದಂತೆ ಗೆರೆ ಎಳೆಯಿತು. ಪಿಸ್ತೂಲಿನಂಥದ್ದು ಸಮನಾಗಿ ನೀರು ಹಾಸಿತು. ಮೊಚಿಜುಕಿಯವರ ಮುಖ ಅರಳಿದ್ದನ್ನು ಕಂಡು ನಾನು ಮನಸ್ಸಿನಲ್ಲೇ ದೇವರನ್ನು ಕೊಂಡಾಡಿದೆ.

"ಕಟ್ಟಿ ಕೊಡ್ಲಾ?" ಎಂದರು ತೊಮೊಎ.

"ಎತ್ತಿಟ್ಟಿರಿ ತಾಯಿ. ಆಮಾನೊ-ಸೆನ್ಸೈಗೆ ಒಂದು ಮಾತು ಕೇಳ್ಬಿಡ್ತೀನಿ."

ತೊಮೊಎಯವರು ನಿಟ್ಟುಸಿರಿಟ್ಟು ಅದನ್ನು ಒಳಗಿಟ್ಟರು. ಏಕೆಂದರೆ ಆಮಾನೊರವರನ್ನು ಕೇಳುವುದೆಂದರೇನೆಂದು ಊರಿಗೇ ಗೊತ್ತಿತ್ತು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದ ಅವರು ನಮ್ಮ ಸಂಘದ ಹಿರಿಯರು, ಎಲ್ಲರಿಂದ ಸೆನ್ಸೈ, ಅಂದರೆ ಗುರು, ಎನ್ನಿಸಿಕೊಳ್ಳುವವರು. ಯಾರೇ ಹೊಸ ಸಲಕರಣೆ ಕೊಂಡರೂ ಮೊದಲು ಅವರಿಗೆ ತಿಳಿಸುವುದು ನಮ್ಮ ರೂಢಿ. ಬಲ್ಲವರು ಮಾತ್ರ ಅದನ್ನು ತಿಳಿಸುವ ಬಗೆಯೇ ಬೇರೆ: "ಇದನ್ನು ತಗೋಬೇಕು ಅಂತಿದೀನಿ ಸೆನ್ಸೈ" ಎಂದು ತೀರ್ಮಾನವನ್ನು ಒಯ್ದು ಪಾದದ ಬಳಿ ಇಡುತ್ತಾರೆ, ಅವರು ಹೂಂ ಎಂದು ಗದ್ದ ಅಲ್ಲಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ತೀರ್ಮಾನವಿಲ್ಲದೆ ಬರಿಗೈಯಲ್ಲಿ ಹೋಗಿ "ಯಾವುದು ತಗೊಳ್ಳಲಿ?" ಎಂದು ಕೇಳಿದವನು, ಅವರು ಹೇಳಿದ್ದನ್ನೇ ಕೊಳ್ಳಬೇಕು. ಕೊಳ್ಳದಿದ್ದರೆ ಹನ್ನೊಂದು ಜನರ ಮುಂದೆ ಅವರ ಮುಖಕ್ಕೆ ಮಸಿ ಬಳಿದಂತೆ. ಮೊಚಿಜುಕಿಯವರ ವಿನಯ ಹೇಳತೀರದು. ಅವರು ಬರಿಗೈಯಲ್ಲೇ ಹೋದರು.

ಆ ಶನಿವಾರ ಭವನದಲ್ಲಿ ಮೂಲಂಗಿ, ಮೊಟ್ಟೆ ಹಾಕಿದ ಓದೆನ್ ಸಾರು ಕುದಿಯುತ್ತಿತ್ತು. ಕರಿಯ ಸಾರಿನ ಘಮದೊಳಕ್ಕೆ ಥಿನ್ನರಿನ ಕಟುವಾಸನೆ ನುಗ್ಗಿ, ತುತ್ತು ತುತ್ತಿಗೂ ಬಣ್ಣದ ರುಚಿ ಹತ್ತುತ್ತಿತ್ತು. ಆಮಾನೊರವರು ಮಖಮಲ್ಲಿನ ಪೆಟ್ಟಿಗೆ ತೆರೆದು ಕುಳಿತಿದ್ದರು. ಅದರಲ್ಲಿ ಏಳು ಏರ್‌ಬ್ರಷ್‌ಗಳು, ಮುತ್ತೈದೆಯ ಒಡವೆಗಳಂತೆ. ಒಂದನ್ನೆತ್ತಿ, ಅದರ ಸೂಜಿಯ ಮೊನೆಯನ್ನು ನಾಲಗೆಯ ತುದಿಯಿಂದ ಸವರಿ, ಚೊಕ್ಕಟವಾಯಿತೇ ಎಂದು ಬೆಳಕಿಗೆ ಹಿಡಿದರು. ಆ ನಾಲಗೆಯ ಮೇಲೆ ಬೂದುಬಣ್ಣದ ಗೆರೆಯೊಂದು ಉಳಿದಿತ್ತು. ಅದೇ ನಾಲಗೆಯಿಂದ ಮೂಲಂಗಿಯ ಹೋಳನ್ನು ನೆಕ್ಕಿ ಬಾಯಿಗಿಟ್ಟುಕೊಂಡರು. ನಾನು ಮುಖ ತಿರುಗಿಸಿಕೊಂಡೆ.

"ಸೆನ್ಸೈ, ಹಡಗಿಗೆ ಬಣ್ಣ ಹೊಡೀಬೇಕು. ಯಾವ ಏರ್‌ಬ್ರಷ್ ತಗೊಳ್ಳಲಿ?" ಎಂದು ಮೊಚಿಜುಕಿ ತಲೆಬಾಗಿದರು. ಬಲಗೈ ಕೋಟಿನ ಜೇಬಿನಲ್ಲಿತ್ತು.

"ನೀನೇನು ನೋಡಿದೀಯ?"

"ಪಿಸ್ತೂಲಿನ ಥರದ್ದೊಂದು..."

"ಪಿಸ್ತೂಲು!" ಆಮಾನೊ ಎಲ್ಲರ ಕಡೆ ತಿರುಗಿದರು. "ಕೇಳಿದ್ರೇನ್ರಪ್ಪಾ? ಮೊಚಿಜುಕಿ ಗೋಡೆಗೆ ಸುಣ್ಣ ಹೊಡೆಯೋಕೆ ಹೊರಟಿದಾನೆ!"

ನಗೆ ಎದ್ದಿತು. "ಮಕ್ಕಳ ನೀರಿನ ಪಿಸ್ತೂಲು ಸಾಕಲ್ವಾ, ಅಗ್ಗ," ಎಂದನೊಬ್ಬ. "ತೋಟಕ್ಕೆ ಔಷಧಿ ಹೊಡೆಯೋದಾದ್ರೂ ಕೊಡ್ಸಿ," ಎಂದ ಇನ್ನೊಬ್ಬ.

"ನೋಡು," ಎಂದರು ಆಮಾನೊ, ಧರ್ಮೋಪದೇಶದ ಗಾಂಭೀರ್ಯದಿಂದ. "ಪೆನ್ನು ಹಿಡಿಯೋಕೆ ಬರದವನು ಬರೀಬಾರದು. ಸೊನ್ನೆ ಪಾಯಿಂಟ್ ಎರಡರ ಮೂತೀದು ತಗೋ. ನಾನು ತಗೊಂಡಿದ್ದೂ ಅದೇ. ಸಂಘದ ಹೆಸರು ಹಾಕ್ಕೊಂಡು ಮೇ ತಿಂಗಳಲ್ಲಿ ನಿಲ್ತೀಯ ಅಂದ್ಮೇಲೆ, ನಾಚಿಕೆ ಆಗೋ ಥರ ನಿಲ್ಬೇಡ."

ಮೊಳದುದ್ದದ ಹಡಗಿಗೆ ಹುಬ್ಬು ತೀಡುವ ಮೂತಿ! ಆ ಕೋಣೆಯಲ್ಲಿದ್ದ ಯಾರಿಗೂ ಇದು ತಿಳಿಯದ ವಿಷಯವಲ್ಲ. ಆದರೂ ಒಂಬತ್ತು ಗದ್ದಗಳು ಒಟ್ಟಿಗೆ ಅಲ್ಲಾಡಿದವು. ಒಂಬತ್ತನೆಯದು ನನ್ನದು. ಕೊಟ್ಟ ಮಾತು ಕೈಯ ವಿಚಾರಕ್ಕಿತ್ತೇ ಹೊರತು ಮೂತಿಯ ವಿಚಾರಕ್ಕಿರಲಿಲ್ಲ, ಬಾಯ್ತೆರೆದು ಹೇಳಬಹುದಾಗಿತ್ತು. ನಾನು ಸಾರಿನಲ್ಲಿದ್ದ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡೆ.

ಫೆಬ್ರವರಿಯ ಕೊನೆಯಲ್ಲಿ ಹತ್ಸುಎಯವರು ಫೋನು ಮಾಡಿ ಕರೆದರು. ಹೋದೆ. ಹಡಗು ಕಿಟಕಿಯ ಬಳಿ ಇತ್ತು. ಆಮಾನೊರವರು ಹೇಳಿದ್ದನ್ನೇ ಅವರು ಕೊಂಡಿದ್ದರು. ಬಿಳಿಯ ಬಣ್ಣ ಆ ಸಣ್ಣ ಮೂತಿಯಲ್ಲಿ ಕಟ್ಟಿಕೊಂಡು, ತಡೆದು ತಡೆದು ಉಗುಳಿ, ಹಡಗಿನ ಪಕ್ಕದ ತುಂಬ ರೋಗ ಹತ್ತಿದ ಚರ್ಮದಂತೆ ಗಂಟುಗಂಟಾಗಿ ನಿಂತಿತ್ತು. ಕೈ ನಡುಗಿದಲ್ಲೆಲ್ಲ ಬಣ್ಣದ ಮಡು ಕಟ್ಟಿ, ಅದರಿಂದ ಜೇಡನ ಕಾಲುಗಳಂಥ ಗೆರೆಗಳು ಹೊರಟಿದ್ದವು. ಅದಕ್ಕೆ ಮೊದಲೇ ಎರಡು ಸಲ ಹೊಡೆದು ಎರಡು ಸಲ ತೊಳೆದಿದ್ದರಂತೆ, ಇದು ಮೂರನೆಯದು. ತೊಳೆಯುವಾಗ ಹನ್ನೊಂದು ಕಟಕಟೆಗಳು ಮುರಿದಿದ್ದವು. ಹದಿನಾಲ್ಕು ತಿಂಗಳ ಕೆಲಸ ವಾಂತಿ ಮಾಡಿಕೊಂಡಂತೆ ಬಿದ್ದಿತ್ತು. ಮೇ ತಿಂಗಳ ಪ್ರದರ್ಶನಕ್ಕೆ ಹತ್ತು ವಾರ.

"ತಪ್ಪು ನಂದೇ," ಎಂದರು ಮೊಚಿಜುಕಿ. "ಕೇಳಿದ್ದೇ ನಾನು."

ಹತ್ಸುಎಯವರು ಚಹಾದ ಬಟ್ಟಲನ್ನು ನನ್ನ ಮುಂದೆ ಕುಕ್ಕಿದರು. "ಕತ್ಸುಮಾತ-ಸಾನ್, ನೀವು ವಾರವಾರ ಚರ್ಚಲ್ಲಿ ನಿಂತ್ಕೊಂಡು ಸತ್ಯ, ಧೈರ್ಯ ಅಂತ ಹೇಳ್ತೀರಂತಲ್ಲ. ಆವತ್ತು ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಮೊಟ್ಟೆ," ಎಂದೆ. ಸುಳ್ಳು ಹೇಳಲಾಗಲಿಲ್ಲ.

ಮೊಚಿಜುಕಿಯವರು ಮೊದಲು ನಕ್ಕರು. ಹತ್ಸುಎಯವರು ಏಪ್ರನ್ನಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ ನಗೆ ಬರಲಿಲ್ಲ. ಆಮಾನೊರವರ ನಾಲಗೆಯನ್ನು ಕಂಡು ಹೇಸಿದವನು, ನನ್ನ ನಾಲಗೆಯನ್ನು ಕಂಡು ಅಂದು ಹೆಚ್ಚು ಹೇಸಿದೆ. ಓ ನನ್ನ ಪ್ರಿಯರೇ, ನೆರೆಯವನ ಕೊಳೆ ನಮ್ಮ ಮೂಗಿಗೆ ಎಷ್ಟು ಬೇಗ ತಾಗುತ್ತದೆ!

ಸಂಘದ ಮಾರ್ಚಿನ ಸಭೆಗೆ ನಾನು ಮಾತನಾಡಲೆಂದೇ ಹೋದೆ. ಆಮಾನೊರವರು ಪೆಟ್ಟಿಗೆ ತೆರೆಯುವ ಮೊದಲೇ ಎದ್ದು ನಿಂತು, "ಸೆನ್ಸೈ, ಮೊಚಿಜುಕಿ-ಸಾನ್ ಹಡಗಿನ ವಿಷಯ..." ಎಂದು ತೊಡಗಿದೆ.

"ಕೂತ್ಕೊಳ್ಳಿ, ಕತ್ಸುಮಾತ-ಸಾನ್," ಎಂದು ಹಿಂದಿನಿಂದ ಧ್ವನಿ ಬಂತು. ಮೊಚಿಜುಕಿಯವರು ಹಡಗನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರನೆಯ ಸಲ ತೊಳೆದು, ಕಟಕಟೆಗಳನ್ನು ಹೊಸದಾಗಿ ನಿಲ್ಲಿಸಿ, ಬೂದುಬಣ್ಣದ ಪ್ರೈಮರ್ ಹಚ್ಚಿ ತಂದಿದ್ದರು. ಅದನ್ನು ಕಿಟಕಿಯ ಬಳಿಯ ಫ್ಯಾನಿನ ಮುಂದಿಟ್ಟು, ತೋಳಿಗೆ ನೇತುಹಾಕಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿದರು. ತೊಮೊಎಯವರು ನವೆಂಬರಿನಿಂದ ಯಾರಿಗೂ ಮಾರದೆ ಒಳಗಿಟ್ಟಿದ್ದ ಪಿಸ್ತೂಲಿನ ಏರ್‌ಬ್ರಷ್ ಅದರಲ್ಲಿತ್ತು.

ಯಾರೂ ನಗಲಿಲ್ಲ, ಏಕೆಂದರೆ ಮೊಚಿಜುಕಿಯವರು ಇಷ್ಟು ದಿನ ಜೇಬಿನಲ್ಲಿಟ್ಟಿದ್ದ ಬಲಗೈಯನ್ನು ಎಲ್ಲರ ಮುಂದೆ ಚಾಚಿದರು. ಬೆರಳುಗಳು ಕುಣಿಯುತ್ತಿದ್ದವು.

"ಅಕ್ಟೋಬರಿಂದ ಹೀಗಿದೆ," ಎಂದರು. "ಪೆನ್ನು ಹಿಡಿಯೋಕೆ ಬರಲ್ಲ ನಂಗೆ. ಸೆನ್ಸೈ ಹೇಳಿದ್ದು ತಗೊಂಡೆ, ಹಡಗು ಹಾಳಾಯ್ತು. ಇದು ನಾನು ಆರಿಸಿದ್ದು. ಯಾರನ್ನೂ ಕೇಳ್ಲಿಲ್ಲ."

ಕಂಪ್ರೆಸರ್ ಗುಡುಗಿತು. ಅವರು ಮುಷ್ಟಿಯಲ್ಲಿ ಹಿಡಿದು ಕುದುರೆ ಎಳೆದರು. ಹಡಗಿನ ಮುಂತುದಿಯಿಂದ ಹಿಂಬದಿಯವರೆಗೆ ಬಿಳಿಯ ಮಂಜು ಒಂದೇ ಸಮನೆ ಇಳಿಯಿತು.

ಆಮೇಲೆ ಆಮಾನೊರವರು ಗಂಟಲು ಸರಿಪಡಿಸಿಕೊಂಡರು. "ಮೊದಲೇ ಹೇಳೋದಲ್ವಾ ಮೊಚಿಜುಕಿ! ಕೈ ಹೀಗಿದೆ ಅಂದಿದ್ರೆ ನಾನೂ ಇದನ್ನೇ ಹೇಳ್ತಿದ್ದೆ. ಇಂಥ ಹಡಗಿಗೆ ಅಗಲದ ಮೂತಿನೇ ಸರಿ. ಎಲ್ಲರಿಗೂ ಗೊತ್ತಿರೋದೇ."

"ಹೌದೌದು," ಎಂದವು ಗದ್ದಗಳು. "ಗೊತ್ತಿರೋದೇ."

ಆ "ಹೌದೌದು" ಕೇಳಿ ನನ್ನ ಬಾಯಲ್ಲಿ ಕಹಿನೀರು ಬಂತು. ನವೆಂಬರಿನಲ್ಲಿ ನಕ್ಕ ಬಾಯಿಗಳೇ ಅವು. ಈ ಸಲ ನಾನು ನುಂಗಲಿಲ್ಲ. "ಗೊತ್ತಿತ್ತು ಸೆನ್ಸೈ," ಎಂದೆ. "ಆವತ್ತೂ ಎಲ್ಲರಿಗೂ ಗೊತ್ತಿತ್ತು. ನಂಗೂ ಗೊತ್ತಿತ್ತು. ಯಾರೂ ಹೇಳ್ಲಿಲ್ಲ."

ಆಮಾನೊರವರ ಕಿವಿ ಕೆಂಪಾಯಿತು. ಏನಾದರೂ ಹೇಳಲೇಬೇಕೆಂದು ಹಡಗಿನ ಮೇಲೆ ಬಾಗಿ, "ಇಲ್ಲಿ ಸ್ವಲ್ಪ ದಪ್ಪ ಬಿದ್ದಿದೆಯೇನೋ," ಎನ್ನುತ್ತ ಬೆರಳು ಚಾಚಿದರು.

"ಮುಟ್ಬೇಡಿ," ಎಂದರು ಮೊಚಿಜುಕಿ, ಧ್ವನಿ ಏರಿಸದೆ. "ಹಸಿ ಇದೆ."

ಬೆರಳು ನಡುವೆಯೇ ನಿಂತು, ಹಿಂದಕ್ಕೆ ಹೋಯಿತು. ಮೊಚಿಜುಕಿಯವರು ಬಟ್ಟಲಿಗೆ ಮತ್ತಷ್ಟು ಬಿಳಿ ಸುರಿದುಕೊಂಡು, ಹಿಂದಿನ ತಿರುಪನ್ನು ಅರ್ಧ ಸುತ್ತು ಬಿಗಿದು, ಹಡಗನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡರು.